ರಿಮಿನಿಯ ಮರಳಿನ ಲೆಕ್ಕ

ಭಾನುವಾರ ಸಂಜೆ, ಅದೂ ಪುಣೆಯ ಟ್ರಾಫಿಕ್ ದಾಟಿಕೊಂಡು, ಕನ್ನಡದಲ್ಲಿ ಒಂದು ಮಾತು ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಹಿಂಜೆವಾಡಿಯಿಂದ ಬಂದವರು ಕೈ ಎತ್ತೋದು ಬೇಡ, ಮುಖ ನೋಡಿದರೇ ಗೊತ್ತಾಗುತ್ತೆ.

ನಾನು ಬೆಳಗಾವಿಯವನು. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದ್ದೀನಿ. ಇತಿಹಾಸಕಾರ ಅಲ್ಲ, ಭೂಗೋಳದ ಮೇಷ್ಟ್ರೂ ಅಲ್ಲ. 2023ರ ನವೆಂಬರ್‌ನಲ್ಲಿ ಪ್ರಾಜೆಕ್ಟ್ ಕೆಲಸಕ್ಕೆ ಇಟಲಿಯ ಬೊಲೋನ್ಯ ನಗರಕ್ಕೆ ಎರಡು ತಿಂಗಳು ಹೋಗಿದ್ದೆ. ಹೋಗುವಾಗ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: "ಬೀಚ್ ಫೋಟೋ ಕಳಿಸು."

ಬೊಲೋನ್ಯದಿಂದ ಹತ್ತಿರದ ದೊಡ್ಡ ಬೀಚ್ ಅಂದ್ರೆ ರಿಮಿನಿ. ರೈಲಿನಲ್ಲಿ ಸುಮಾರು ಒಂದು ಗಂಟೆ. ಮೊದಲ ಶನಿವಾರವೇ ಹೊರಟೆ. ಸ್ಟೇಷನ್‌ನಲ್ಲಿ ಇಳಿದು, ನೇರ ರಸ್ತೆಯಲ್ಲಿ ನಡೆದು ಸಮುದ್ರದ ಕಡೆ ಹೋದರೆ ಸಮುದ್ರವೇ ಕಾಣ್ತಿಲ್ಲ! ಬೀಚಿನ ಉದ್ದಕ್ಕೂ ಆಳೆತ್ತರದ ಮರಳಿನ ದಿಬ್ಬ. ಛತ್ರಿ ಇಲ್ಲ, ಕುರ್ಚಿ ಇಲ್ಲ, ಹೋಟೆಲ್‌ಗಳ ಶಟರ್ ಎಲ್ಲ ಕೆಳಗೆ. ದೂರದಲ್ಲಿ ಒಂದು ಬುಲ್ಡೋಜರ್ ಇನ್ನೂ ಮರಳು ಎಳೀತಾ ಇತ್ತು.

ಸೋಮವಾರ ಆಫೀಸಿನಲ್ಲಿ ಇದನ್ನ ಹೇಳಿದಾಗ ಕ್ಲೈಂಟ್ ಕಡೆಯ ಒಬ್ಬ ಹಿರಿಯ ಸಹೋದ್ಯೋಗಿ ನಕ್ಕುಬಿಟ್ಟರು. ಅವರು ರಿಮಿನಿಯವರೇ. "ಚಳಿಗಾಲದಲ್ಲಿ ಬಿರುಗಾಳಿ ಬಂದರೆ ಸಮುದ್ರ ಬಂದು ಮರಳನ್ನೂ, ಹಿಂದಿರುವ ಅಂಗಡಿಗಳನ್ನೂ ಹೊಡೆದುಕೊಂಡು ಹೋಗುತ್ತೆ. ಅದಕ್ಕೆ ನಾವೇ ಗೋಡೆ ಕಟ್ಟುತ್ತೇವೆ, ವಸಂತದಲ್ಲಿ ನಾವೇ ಒಡೆದು ಹರಡುತ್ತೇವೆ. ನೀನು ನೋಡಿದ್ದು ನಮ್ಮ ಬಂಡವಾಳ" ಅಂದರು. ಮರಳೇ ಬಂಡವಾಳ. ನನ್ನ ಇವತ್ತಿನ ಮಾತು ಪೂರ್ತಿ ಆ ಒಂದು ವಾಕ್ಯದ ಮೇಲೆ.

ಮೊದಲು ಮ್ಯಾಪ್ ನೋಡಿಬಿಡೋಣ. ಇಟಲಿ ಬೂಟಿನ ಆಕಾರ ಅಂತ ಶಾಲೆಯಲ್ಲೇ ಓದಿದ್ದೇವೆ. ಆ ಬೂಟಿನ ಹಿಂಭಾಗ, ಮೀನಖಂಡದ ಮೇಲುಗಡೆ, ಏಡ್ರಿಯಾಟಿಕ್ ಸಮುದ್ರದ ದಡ. ಉತ್ತರದಲ್ಲಿ ರವೆನ್ನಾ, ಆಮೇಲೆ ಉಪ್ಪಿನ ಗದ್ದೆಗಳ ಚೆರ್ವಿಯಾ, ಚೆಸೆನಾತಿಕೊ, ಬೆಲ್ಲಾರಿಯಾ, ರಿಮಿನಿ, ರಿಚ್ಚೋನೆ, ಕೊನೆಗೆ ಕತ್ತೋಲಿಕಾ. ಇದಕ್ಕೆ ರೊಮಾನ್ಯ ರಿವಿಯೇರಾ ಅಂತ ಹೆಸರು. ಸಿನಿಮಾದಲ್ಲಿ ಕಾಣುವ ಬಂಡೆ, ಬೆಟ್ಟ, ಬಣ್ಣದ ಮನೆಗಳ ಇಟಲಿ ಇದಲ್ಲ. ಇಲ್ಲಿ ಚಪ್ಪಟೆ ದಡ, ಅಗಲವಾದ ಮರಳು, ತುಂಬ ದೂರ ನಡೆದರೂ ಸೊಂಟಕ್ಕೆ ಬರದ ನೀರು. ಮಕ್ಕಳಿರುವ ಸಂಸಾರಗಳಿಗೆ ಹೇಳಿ ಮಾಡಿಸಿದ ಜಾಗ.

ಆ ಮರಳು ಬಂದದ್ದು ಎಲ್ಲಿಂದ? ಹಿಂದಿರುವ ಅಪೆನೈನ್ ಬೆಟ್ಟಗಳಿಂದ. ರಿಮಿನಿಯಲ್ಲಿ ಮರೆಕ್ಕಿಯಾ ಅನ್ನೋ ನದಿ ಸಮುದ್ರ ಸೇರುತ್ತೆ. ಇಂಥ ನದಿಗಳು ಬೆಟ್ಟ ಕೊರೆದು ಸಾವಿರಾರು ವರ್ಷ ಕಲ್ಲು, ಮರಳು ತಂದು ಸುರಿದವು. ಸಮುದ್ರದ ಪ್ರವಾಹ ಅದನ್ನ ದಡದ ಉದ್ದಕ್ಕೂ ಉತ್ತರದ ಕಡೆ ಸಾಗಿಸ್ತಾ ಹೋಯ್ತು. ರಿಮಿನಿ ಬಂದರಿಗೆ ಕಲ್ಲಿನ ಕಟ್ಟೆ ಕಟ್ಟಿ ಸಮುದ್ರದೊಳಕ್ಕೆ ಚಾಚಿದರು ನೋಡಿ, ಆಗ ಉತ್ತರಕ್ಕೆ ಹೋಗುವ ಮರಳು ಅಲ್ಲೇ ತಡೆದು ನಿಂತಿತು. ಕಟ್ಟೆಯ ದಕ್ಷಿಣಕ್ಕೆ ಬೀಚ್ ಅಗಲ ಆಯ್ತು. ಉತ್ತರದ ಹಳ್ಳಿಗಳಲ್ಲಿ ದಡ ಸವೆಯೋಕೆ ಶುರುವಾಯ್ತು. ಅಲ್ಲಿ ಇವತ್ತು ಸಮುದ್ರದೊಳಗೆ ಸಾಲಾಗಿ ಬಂಡೆಗಳನ್ನ ಹಾಕಿ ಅಲೆ ತಡೆದಿದ್ದಾರೆ. ಒಬ್ಬರ ಅದೃಷ್ಟ, ಪಕ್ಕದವರ ನಷ್ಟ.

ಊರು ಮಾತ್ರ ಬೀಚಿಗಿಂತ ಬಹಳ ಹಳೇದು. ಕ್ರಿ.ಪೂ. 268ರಲ್ಲಿ ರೋಮನ್ನರು ಅರಿಮಿನುಮ್ ಅಂತ ಇಲ್ಲಿ ವಸಾಹತು ಮಾಡಿದರು. ರೋಮ್‌ನಿಂದ ಬರುವ ಫ್ಲಾಮಿನಿಯಾ ರಸ್ತೆ ಇಲ್ಲಿ ಮುಗಿಯುತ್ತೆ, ಉತ್ತರಕ್ಕೆ ಹೋಗುವ ಎಮಿಲಿಯಾ ರಸ್ತೆ ಇಲ್ಲಿಂದ ಶುರು. ಕ್ರಿ.ಪೂ. 27ರ ಅಗಸ್ಟಸ್ ಕಮಾನು ಇನ್ನೂ ನಿಂತಿದೆ. ಟೈಬೀರಿಯಸ್ ಸೇತುವೆ ಕ್ರಿ.ಶ. 21ರಲ್ಲಿ ಮುಗಿದದ್ದು, ಐದು ಕಮಾನು. ಮೊನ್ನೆ ಮೊನ್ನೆವರೆಗೆ ಅದರ ಮೇಲೆ ಕಾರು ಓಡಾಡ್ತಿತ್ತು! ನಮ್ಮ ಫ್ಲೈಓವರ್‌ಗಳ ಬಗ್ಗೆ ನಾನೇನೂ ಹೇಳಲ್ಲ.

"ರೂಬಿಕಾನ್ ದಾಟೋದು" ಅನ್ನೋ ಮಾತು ಕೇಳಿದ್ದೀರಿ ಅಲ್ವಾ? ಕ್ರಿ.ಪೂ. 49ರಲ್ಲಿ ಸೀಸರ್ ತನ್ನ ಸೈನ್ಯದ ಜೊತೆ ಆ ನದಿ ದಾಟಿ ಮೊದಲು ಬಂದು ಸೇರಿದ ಊರೇ ರಿಮಿನಿ. ನಿಜವಾದ ರೂಬಿಕಾನ್ ಯಾವುದು ಅಂತ ಶತಮಾನಗಟ್ಟಲೆ ಜಗಳ ಇತ್ತು. ಮುಸೊಲಿನಿ ಕಾಲದಲ್ಲಿ, 1933ರಲ್ಲಿ, ಒಂದು ಸಣ್ಣ ಹೊಳೆಗೆ ಅಧಿಕೃತವಾಗಿ ಆ ಹೆಸರು ಕೊಟ್ಟರು. ರೈಲಿನಲ್ಲಿ ನಾನು ಅದನ್ನ ದಾಟಿದ್ದು ನನಗೇ ಗೊತ್ತಾಗಲಿಲ್ಲ, ಫೋನ್ ನೋಡ್ತಾ ಇದ್ದೆ.

ಇಷ್ಟು ಹಳೇ ಊರಿನವರಿಗೆ ಸಮುದ್ರ ಅಂದ್ರೆ ಮೀನು ಮತ್ತು ಬಂದರು, ಅಷ್ಟೇ. ಮರಳಿಗೆ ಬೆಲೆ ಇರಲಿಲ್ಲ, ಅಲ್ಲಿ ಏನೂ ಬೆಳೆಯಲ್ಲವಲ್ಲ. 1843ರ ಜುಲೈ 30ರಂದು ಬಾಲ್ದೀನಿ ಅನ್ನೋ ಇಬ್ಬರು ಕೌಂಟ್ ಸೋದರರು ತಿಂತೋರಿ ಅನ್ನೋ ಡಾಕ್ಟರ ಜೊತೆ ಸೇರಿ ಇಲ್ಲಿ ಮೊದಲ ಸ್ನಾನಗೃಹ ತೆರೆದರು. ಆಗ ಸಮುದ್ರಸ್ನಾನ ಅಂದ್ರೆ ಔಷಧಿ, ಮೋಜಲ್ಲ. 1861ರಲ್ಲಿ ರೈಲು ಬಂತು. 1908ರಲ್ಲಿ ಗ್ರ್ಯಾಂಡ್ ಹೋಟೆಲ್. ಅದು ಶ್ರೀಮಂತರ ಬೀಚ್. ಊರಿನ ಹುಡುಗರು ಬೇಲಿಯಾಚೆ ನಿಂತು ನೋಡೋದು. ಹಾಗೆ ನೋಡಿದ ಒಬ್ಬ ಹುಡುಗ 1920ರಲ್ಲಿ ಹುಟ್ಟಿದ ಫೆಡೆರಿಕೊ ಫೆಲಿನಿ. ಅವನ 'ಅಮರ್‌ಕೋರ್ಡ್', 1973ರ ಸಿನಿಮಾ, ಇದೇ ಊರಿನ ನೆನಪು. ಆದರೆ ಹೆಚ್ಚಿನ ಶೂಟಿಂಗ್ ಆಗಿದ್ದು ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ, ಸೆಟ್ ಹಾಕಿ. ನೆನಪಿನಲ್ಲಿರುವ ಊರು ಊರಿನಲ್ಲಿ ಸಿಗಲ್ಲ. ಇದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಯುದ್ಧದ ಭಾಗ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಇಟಲಿಗೆ ಅಡ್ಡಲಾಗಿ ಒಂದು ರಕ್ಷಣಾ ಸಾಲು ಕಟ್ಟಿದರು, ಗಾಥಿಕ್ ಲೈನ್. ಅದರ ಪೂರ್ವದ ತುದಿ ಈ ದಡದಲ್ಲೇ. 1943ರ ನವೆಂಬರ್‌ನಿಂದ ರಿಮಿನಿ ಮೇಲೆ ಬಾಂಬ್ ಬೀಳೋಕೆ ಶುರು. 1944ರ ಸೆಪ್ಟೆಂಬರ್ 21ರಂದು ಮಿತ್ರಪಡೆಗಳು ಒಳಗೆ ಬಂದಾಗ ಊರಿನ ಶೇಕಡಾ 80ಕ್ಕೂ ಹೆಚ್ಚು ಕಟ್ಟಡಗಳು ಒಂದೋ ನೆಲಸಮ, ಇಲ್ಲಾ ಹಾನಿ.

ಎರಡನೇ ವಾರ ನಾನು ರಿಮಿನಿಯಿಂದ ಸಾನ್ ಮರಿನೋಗೆ ಬಸ್ಸಿನಲ್ಲಿ ಹೋಗ್ತಿದ್ದೆ. ರಸ್ತೆ ಪಕ್ಕದಲ್ಲಿ ಬಿಳಿ ಕಲ್ಲುಗಳ ಸಾಲು, ಬೋರ್ಡಿನ ಮೇಲೆ 'ಗೂರ್ಖಾ' ಅಂತ. ವಾಪಸ್ ಬರುವಾಗ ಇಳಿದೆ. ಅದು ರಿಮಿನಿ ಗೂರ್ಖಾ ಯುದ್ಧ ಸ್ಮಶಾನ. ಸಾನ್ ಮರಿನೋ ಬೆಟ್ಟದ ಕಾಳಗದಲ್ಲಿ ಗಾಯಾಳುಗಳನ್ನ ಕಾಪಾಡೋಕೆ ಹೋಗಿ ಸತ್ತು, ವಿಕ್ಟೋರಿಯಾ ಕ್ರಾಸ್ ಪಡೆದ ಶೇರ್ ಬಹದ್ದೂರ್ ಥಾಪಾ ಅಲ್ಲಿ ಮಲಗಿದ್ದಾನೆ.

ಆ ರಾತ್ರಿ ರೂಮಿಗೆ ಬಂದು ಓದ್ತಾ ಕೂತೆ. ಇಟಲಿಯಲ್ಲಿ ಭಾರತದ ಮೂರು ಡಿವಿಷನ್‌ಗಳು, ನಾಲ್ಕು, ಎಂಟು ಮತ್ತು ಹತ್ತು, ಹೋರಾಡಿವೆ. ಐದು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಓದ್ತಾ ಓದ್ತಾ ಒಂದು ಹೆಸರು ಬಂತು: ನಾಮದೇವ ಜಾಧವ, ಮರಾಠಾ ಲೈಟ್ ಇನ್‌ಫೆಂಟ್ರಿ. 1945ರ ಏಪ್ರಿಲ್ 9, ಸೆನಿಯೋ ನದಿ. ಗುಂಡಿನ ಮಳೆಯಲ್ಲಿ ಇಬ್ಬರು ಗಾಯಾಳುಗಳನ್ನ ಒಬ್ಬೊಬ್ಬರನ್ನಾಗಿ ನದಿ ದಾಟಿಸಿ, ತಿರುಗಿ ಹೋಗಿ, ಶತ್ರುವಿನ ಮೆಷಿನ್ ಗನ್ ಠಾಣೆಗಳನ್ನ ಒಬ್ಬನೇ ಮುಚ್ಚಿಸಿದ. ಬದುಕಿ ಬಂದ. 1984ರಲ್ಲಿ ತೀರಿಕೊಂಡಿದ್ದು ಇದೇ ಪುಣೆಯಲ್ಲಿ.

ನೋಡಿ, ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರೋದು ಬೆಳಗಾವಿಯಲ್ಲಿ. ನಾನು ಬೆಳೆದದ್ದು ಆ ಬ್ಯೂಗಲ್ ಕೇಳ್ಕೊಂಡು. ಬೆಳಿಗ್ಗೆ ಓಡುವ ಜವಾನರ ಹಿಂದೆ ನಾವು ಹುಡುಗರು ಸೈಕಲ್ ಹೊಡೀತಿದ್ವಿ. ಇವರ ಹಿಂದಿನವರು ಎಲ್ಲಿ ಹೋಗಿದ್ದರು, ಎಲ್ಲಿ ಸತ್ತರು ಅಂತ ಒಂದು ದಿನವೂ ಕೇಳಲಿಲ್ಲ. ಸೆನಿಯೋ ನದಿಯ ಮೇಲೆ ನಮ್ಮ ರೈಲು ಹಾದುಹೋಗುತ್ತೆ. ಅಷ್ಟರಲ್ಲಿ ನಾನು ಅದನ್ನ ಆರು ಸಲ ದಾಟಿಯಾಗಿತ್ತು. ಬೀಚ್ ಫೋಟೋಗೆ ಹೋದವನಿಗೆ ನಾಚಿಕೆ ಆಯ್ತು ಅಂತ ಹೇಳೋಕೆ ನನಗೇನೂ ಸಂಕೋಚ ಇಲ್ಲ.

ಯುದ್ಧ ಮುಗಿದ ಮೇಲೆ ಈ ಜನ ಏನು ಮಾಡಿದರು? ನನ್ನ ಸಹೋದ್ಯೋಗಿಯ ಅಜ್ಜಿಯ ಕಥೆ ಕೇಳಿ. ಒಡೆದ ಮನೆ ರಿಪೇರಿ ಮಾಡಿಸಿ, ಬೇಸಿಗೆಗೆ ಮಲಗುವ ಕೋಣೆಗಳನ್ನ ಬಾಡಿಗೆಗೆ ಕೊಟ್ಟರು. ಮನೆಯವರೆಲ್ಲ ಗ್ಯಾರೇಜಿನಲ್ಲಿ. ಆಮೇಲೆ ಒಂದು ಮಹಡಿ, ಇನ್ನೊಂದು ಮಹಡಿ, ಹನ್ನೆರಡು ಕೋಣೆಯ 'ಪೆನ್ಸಿಯೋನೆ'. ಅಜ್ಜಿ ಬೆಳಿಗ್ಗೆ ಐದಕ್ಕೆ ಎದ್ದು ಪಾಸ್ತಾ ಹಿಟ್ಟು ನಾದೋದು, ತಾತ ಬೀಚಿನಲ್ಲಿ ಛತ್ರಿ ನೆಡೋದು, ಮಕ್ಕಳು ಊಟ ಬಡಿಸೋದು. ಮನೆ ನಡೆಸುವ ಗಟ್ಟಿ ಹೆಂಗಸಿಗೆ ಅಲ್ಲಿನ ಭಾಷೆಯಲ್ಲಿ 'ಅಜ್ದೋರಾ' ಅಂತಾರೆ. ನಮ್ಮ ಚಪಾತಿಯ ದೂರದ ಸಂಬಂಧಿ ಥರ ಕಾಣುವ ಪಿಯಾದೀನಾ ಕೂಡ ಅವರ ಹಂಚಿನ ಮೇಲಿಂದಲೇ ಬಂದದ್ದು. ಹೀಗೆ ರೈತರು, ಮೀನುಗಾರರು ಹೋಟೆಲ್ ಮಾಲೀಕರಾದರು. ಕಾರ್ಖಾನೆ ಕೆಲಸಗಾರನಿಗೂ ಎರಡು ವಾರದ ಸಮುದ್ರ ಕೈಗೆಟುಕಿತು. ಮೊದಲು ಬಾಂಬ್ ಹಾಕಿದ ದೇಶದವರೂ ಗುಂಡು ಹೊಡೆದ ದೇಶದವರೂ ಈಗ ಅಕ್ಕಪಕ್ಕದ ಛತ್ರಿ ಕೆಳಗೆ ಅತಿಥಿಗಳು!

ಆದರೆ ಇಷ್ಟೆಲ್ಲ ಕಟ್ಟೋಕೆ ಜಲ್ಲಿ, ಮರಳು ಬೇಕಲ್ಲ? ಅದನ್ನ ನದಿಯಿಂದಲೇ ತೆಗೆದರು. ಮರೆಕ್ಕಿಯಾದ ಪಾತ್ರವನ್ನ ಅಗೆದು ಅಗೆದು ಹೋಟೆಲ್ ಕಟ್ಟಿದರು. ಬೀಚಿಗೆ ಬರಬೇಕಾದ ಮರಳು ಬೀಚಿನ ಹಿಂದೆ ಗೋಡೆಯಾಗಿ ನಿಂತುಬಿಟ್ಟಿತು. ಜೊತೆಗೆ ಅಂತರ್ಜಲ ಎಳೆದು ನೆಲವೂ ಕುಸಿಯಿತು. ಅಂದ್ರೆ ಬೀಚ್ ನೋಡೋಕೆ ಕಟ್ಟಿದ ಕಟ್ಟಡಗಳೇ ಬೀಚನ್ನ ತಿಂದವು. 2002ರಿಂದ ಅಲ್ಲಿನ ಸರ್ಕಾರ ಸಮುದ್ರದ ತಳದಿಂದ ಮರಳು ತೆಗೆದು ದಡಕ್ಕೆ ಸುರೀತಾ ಇದೆ. ನದಿ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಈಗ ಟೆಂಡರ್.

1989ರಲ್ಲಿ ಸಮುದ್ರವೇ ಕೈ ಕೊಟ್ಟಿತು. ಪೋ ನದಿ ಹೊತ್ತು ತರುವ ಗೊಬ್ಬರ, ಕೊಳಚೆಯಿಂದ ಏಡ್ರಿಯಾಟಿಕ್ ಆಗಲೇ ಸೊರಗಿತ್ತು. ಆ ಬೇಸಿಗೆ ಅಂಟು ಅಂಟಾದ ಲೋಳೆ ನೀರಿನ ಮೇಲೆ ಹಾಸಿಕೊಂಡು ಪ್ರವಾಸಿಗರು ಓಡಿಹೋದರು. ವಿಚಿತ್ರ ನೋಡಿ, ಅದೇ ವರ್ಷ ಊರೊಳಗೆ ಒಂದು ಪಾರ್ಕಿನ ಕೆಲಸ ಮಾಡುವಾಗ ರೋಮನ್ ಕಾಲದ ಶಸ್ತ್ರವೈದ್ಯನ ಮನೆ ಸಿಕ್ಕಿತು, ನೂರೈವತ್ತಕ್ಕೂ ಹೆಚ್ಚು ಉಪಕರಣಗಳ ಸಮೇತ. ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದ ಹಳೇ ಊರು ನಾನೂ ಇದ್ದೀನಿ ಅಂತ ನೆನಪಿಸಿದ ಹಾಗೆ. 2013ರಿಂದ ರಿಮಿನಿಯವರು ಸಮುದ್ರಕ್ಕೆ ಬೀಳುವ ಚರಂಡಿಗಳನ್ನ ಒಂದೊಂದಾಗಿ ಮುಚ್ಚುವ ದೊಡ್ಡ ಯೋಜನೆಗೆ ಕೈ ಹಾಕಿದರು. ಪಾಠ ಕಲಿಯೋಕೆ ಹೊತ್ತಾಯ್ತು, ಆದರೆ ಕಲಿತರು.

ಈಗಲೂ ನೆಮ್ಮದಿ ಇಲ್ಲ. ಬೀಚ್ ಸರ್ಕಾರದ್ದು, ಛತ್ರಿ ಹಾಕುವ ಹಕ್ಕು ಮಾತ್ರ ತಲೆಮಾರಿನಿಂದ ಕುಟುಂಬಗಳದ್ದು. ಅದನ್ನ ಹರಾಜಿಗೆ ಇಡಿ ಅಂತ ಐರೋಪ್ಯ ಒಕ್ಕೂಟ ವರ್ಷಗಳಿಂದ ಹೇಳ್ತಾ ಇದೆ. ನ್ಯಾಯ ಯಾರ ಕಡೆ? ಹೊಸಬರಿಗೂ ಅವಕಾಶ ಬೇಕು, ಅದು ಸರಿ. ಆದರೆ ಗ್ಯಾರೇಜಿನಲ್ಲಿ ಮಲಗಿ ಕಟ್ಟಿದವರ ಮೊಮ್ಮಕ್ಕಳ ಜಾಗಕ್ಕೆ ದೊಡ್ಡ ಕಂಪನಿ ಬಂದರೆ? ನನ್ನ ಹತ್ತಿರ ಉತ್ತರ ಇಲ್ಲ, ನನ್ನ ಸಹೋದ್ಯೋಗಿ ಹತ್ತಿರವೂ ಇರಲಿಲ್ಲ. ನಾನು ಹೋಗುವ ಆರು ತಿಂಗಳ ಮುಂಚೆ, 2023ರ ಮೇ ತಿಂಗಳಲ್ಲಿ, ಆ ಪ್ರಾಂತ್ಯದ ಇಪ್ಪತ್ತಕ್ಕೂ ಹೆಚ್ಚು ನದಿಗಳು ಉಕ್ಕಿ 17 ಜನ ಸತ್ತಿದ್ದರು. ಉಕ್ಕಿದ ನದಿಗಳಲ್ಲಿ ಸೆನಿಯೋ ಕೂಡ ಒಂದು.

ಕೊನೆಯದಾಗಿ ಒಂದು ಮಾತು. ನಾವು ಐಟಿಯವರು ಲಾಂಗ್ ವೀಕೆಂಡ್ ಸಿಕ್ಕರೆ ಬೀಚಿಗೆ ಹೋಗೋ ಜನ. ಹೋಗೋಣ, ತಪ್ಪೇನಿಲ್ಲ. ಆದರೆ ಮುಂದಿನ ಸಲ ಚಪ್ಪಲಿ ಬಿಟ್ಟು ಮರಳಿನ ಮೇಲೆ ಕಾಲಿಟ್ಟಾಗ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮರಳು ಇಲ್ಲಿ ನಿಂತಿರೋದು ಯಾರ ದೆಸೆಯಿಂದ? ಉತ್ತರ ಹುಡುಕಿದರೆ ಒಂದು ನದಿ ಸಿಗುತ್ತೆ, ಒಬ್ಬ ಅಜ್ಜಿ ಸಿಗ್ತಾಳೆ, ಕೆಲವು ಸಲ ನಿಮ್ಮೂರಿನ ರೆಜಿಮೆಂಟೂ ಸಿಗುತ್ತೆ.

ಇಟಲಿಯಿಂದ ಬಂದ ಮೇಲೆ ಬೆಳಗಾವಿಗೆ ಹೋಗಿದ್ದೆ. ಬೆಳಿಗ್ಗೆ ಮಗಳನ್ನ ಕರೆದುಕೊಂಡು ಆ ರಸ್ತೆಯಲ್ಲಿ ನಿಂತೆ. ಜವಾನರು ಓಡ್ತಾ ಹೋದರು. "ಇವರೆಲ್ಲ ಎಲ್ಲಿಗೆ ಹೋಗ್ತಾರೆ ಅಪ್ಪಾ?" ಅಂದಳು. ಈ ಸಲ ನನ್ನ ಹತ್ತಿರ ಹೇಳೋಕೆ ಒಂದು ನದಿಯ ಹೆಸರಿತ್ತು.

ಚಹಾ ತಣ್ಣಗಾಗೋ ಮುಂಚೆ ಪ್ರಶ್ನೆಗಳಿದ್ದರೆ ಕೇಳಿ.