ಗೋಖಲೆ ಸೇತುವೆಯ ಲೆಕ್ಕ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತಾಡುವುದು ವಾಡಿಕೆ. ನಾನು ಬಿ.ಕಾಂ. ಓದಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತವನು. ಪಂಪನನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿಯೇ ಬೇಕಾದಷ್ಟು ಮಂದಿ ಇದ್ದಾರೆ. "ನಿಮಗೆ ತಿಳಿದುದನ್ನೇ ಹೇಳಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟದ್ದರಿಂದ ಸೇತುವೆಯ ವಿಷಯವನ್ನು ಆರಿಸಿಕೊಂಡಿದ್ದೇನೆ. ಇಲ್ಲಿ ನೆರೆದವರಲ್ಲಿ ಎಷ್ಟೋ ಮಂದಿ ರೈಲ್ವೆ ಹಳಿಯನ್ನು ದಾಟಿಯೇ ಬಂದವರು. ಆದುದರಿಂದ ಇದು ನಮಗೆ ಪರಕೀಯವಾದ ವಿಷಯವೇನೂ ಅಲ್ಲ.

ಅಂಧೇರಿಯ ಗೋಪಾಲ ಕೃಷ್ಣ ಗೋಖಲೆ ಸೇತುವೆ ೧೯೭೫ರಲ್ಲಿ ಕಟ್ಟಿದ್ದು. ನಮ್ಮ ಪಾರ್ಲೆಗೆ ಉತ್ತರದಲ್ಲಿ ಪೂರ್ವ ಪಶ್ಚಿಮಗಳನ್ನು ಕೂಡಿಸುವ ಮುಖ್ಯ ದಾರಿ ಅದು. ೨೦೧೮ರ ಜುಲೈ ೩, ಮಂಗಳವಾರ, ಮಳೆಯ ಬೆಳಗು, ಜನ ಕಚೇರಿಗೆ ಹೊರಟ ಸಮಯದಲ್ಲಿ ಅದರ ಕಾಲುದಾರಿಯ ಭಾಗ ಕಳಚಿ ಹಳಿಗಳ ಮೇಲೆ ಬಿತ್ತು. ಬರುತ್ತಿದ್ದ ಲೋಕಲ್ ಗಾಡಿಯ ಮೋಟರ್‌ಮನ್ ಕಣ್ಣಿಟ್ಟು ನೋಡಿ ಗಾಡಿಯನ್ನು ನಿಲ್ಲಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಗಾಯಗೊಂಡವರಲ್ಲಿ ಇಬ್ಬರು ಆಮೇಲೆ ಪ್ರಾಣ ಬಿಟ್ಟರು.

ಅಲ್ಲಿಂದ ಮುಂದಿನ ತಾರೀಖುಗಳನ್ನು ಸ್ವಲ್ಪ ಗಮನವಿಟ್ಟು ಕೇಳಬೇಕೆಂದು ಬಿನ್ನಹ. ಸೇತುವೆ ಅಪಾಯದ ಸ್ಥಿತಿಯಲ್ಲಿದೆಯೆಂದು ಅದನ್ನು ಪೂರ್ತಿ ಮುಚ್ಚಿದ್ದು ೨೦೨೨ರ ನವೆಂಬರ್ ೭ರಂದು. ನಮ್ಮ ರಾಜ್ಯೋತ್ಸವ ಕಳೆದು ಆರೇ ದಿನಕ್ಕೆ. ಒಂದು ಮಗ್ಗುಲು ಮಾತ್ರ ತೆರೆದದ್ದು ೨೦೨೪ರ ಫೆಬ್ರವರಿ ೨೬ರಂದು. ಪೂರ್ತಿ ತೆರೆದದ್ದು ೨೦೨೫ರ ಮೇ ೧೧ರಂದು. ಬ್ಯಾಂಕಿನಲ್ಲಿ ಬಡ್ಡಿ ಹಾಕುವಾಗ ದಿನ ಎಣಿಸುವ ಅಭ್ಯಾಸ ನನ್ನದು, ಎಣಿಸಿದೆ. ಮುಚ್ಚಿದಲ್ಲಿಂದ ಪೂರ್ತಿ ತೆರೆಯುವವರೆಗೆ ೯೧೬ ದಿನ. ಜನ ಈ ೯೧೬ನ್ನೇ ಹಿಡಿದು ಬೈಯುತ್ತಾರೆ. ಆದರೆ ಕುಸಿದ ದಿನದಿಂದ ಮುಚ್ಚಿದ ದಿನದವರೆಗೆ ೧೫೮೮ ದಿನಗಳಾಗಿದ್ದುವೆಂಬುದನ್ನು ಯಾರೂ ಎಣಿಸುವುದಿಲ್ಲ. ಕಬ್ಬಿಣ ಕಡಿದು ತೊಲೆ ಏರಿಸಿ ಹೊಸದಾಗಿ ಕಟ್ಟಿದ ಕಾಲಕ್ಕಿಂತ, ಏನು ಮಾಡಬೇಕು, ಯಾರು ಮಾಡಬೇಕು ಎಂಬುದರಲ್ಲಿ ಕಳೆದ ಕಾಲವೇ ಹೆಚ್ಚು. ನಾನು ಇಂದು ಹೇಳಬೇಕಾದ ಮಾತೆಲ್ಲ ಈ ಎರಡು ಅಂಕಿಗಳ ನಡುವೆಯೇ ಇದೆ.

ಕಷ್ಟವೇ ಬೇರೆ, ಕಾಲಹರಣವೇ ಬೇರೆ. ಕಷ್ಟವನ್ನು ಮೊದಲು ಹೇಳಿಬಿಡುತ್ತೇನೆ, ಎಂಜಿನಿಯರರಿಗೆ ಅನ್ಯಾಯವಾಗಬಾರದು. ಪಶ್ಚಿಮ ರೈಲ್ವೆಯ ಹಳಿಗಳ ಮೇಲೆ ಕೆಲಸ ಮಾಡುವುದೆಂದರೆ ಲೋಕಲ್ ಗಾಡಿಗಳು ನಿಂತ ನಡುರಾತ್ರಿಯ ಕೆಲವೇ ಗಂಟೆಗಳಲ್ಲಿ ಮಾಡಬೇಕು. ಹೊಸ ಸೇತುವೆಯ ಒಂದೊಂದು ಗರ್ಡರು ೯೦ ಮೀಟರು ಉದ್ದ, ಸುಮಾರು ೧೩೦೦ ಟನ್ ತೂಕ. ಅದರ ಭಾಗಗಳು ತಯಾರಾದದ್ದು ದೂರದ ಅಂಬಾಲಾದಲ್ಲಿ. ೨೦೨೩ರ ಮಳೆಗಾಲದಲ್ಲಿ ಆ ಸೀಮೆಗೆ ನೆರೆ ಬಂದು ಅಲ್ಲಿಯ ಕೆಲಸವೂ ಹಿಂದೆ ಬಿತ್ತು. ಭಾಗಗಳು ಲಾರಿಯಲ್ಲಿ ಬಂದು, ಇಲ್ಲಿ ಒಂದಕ್ಕೊಂದು ಜೋಡಿಸಿಕೊಂಡು, ಹಳಿಗಳ ಮೇಲೆ ಅಂಗುಲ ಅಂಗುಲವಾಗಿ ಸರಿಸಿ, ಆಮೇಲೆ ಮೆಲ್ಲಗೆ ಕೆಳಕ್ಕಿಳಿಸಬೇಕು. ಮೊದಲನೆಯ ಗರ್ಡರು ಹಳಿಗಳನ್ನು ದಾಟಿದ್ದು ೨೦೨೩ರ ಡಿಸೆಂಬರಿನಲ್ಲಿ. ಇದು ಆಟದ ಮಾತಲ್ಲ; ಆ ರಾತ್ರಿ ಕೆಲಸ ಮಾಡಿದ ಕೂಲಿಗಳಿಗೂ ಎಂಜಿನಿಯರರಿಗೂ ಕೈಮುಗಿಯಬೇಕು.

ಇನ್ನು ಕಾಲಹರಣ. ಹಳಿಯ ಮೇಲಿನ ಭಾಗ ರೈಲ್ವೆಯದು, ಎರಡು ಕಡೆಯ ಏರುಹಾದಿ ಮಹಾನಗರಪಾಲಿಕೆಯದು. ಕುಸಿದ ದಿನವೇ ದುರಸ್ತಿಯ ಹೊಣೆ ಯಾರದೆಂಬ ಚರ್ಚೆ ಪತ್ರಿಕೆಗಳಲ್ಲಿ ಮೊದಲಾಯಿತು. ಬ್ಯಾಂಕಿನಲ್ಲಿ ಜಂಟಿ ಖಾತೆಗಳಲ್ಲಿ ಎರಡು ಬಗೆ. ಒಂದರಲ್ಲಿ ಇಬ್ಬರಲ್ಲಿ ಯಾರೊಬ್ಬರು ಸಹಿ ಹಾಕಿದರೂ ಹಣ ಬರುತ್ತದೆ. ಇನ್ನೊಂದರಲ್ಲಿ ಇಬ್ಬರ ಸಹಿಯೂ ಬೇಕು. ಎರಡನೆಯ ಬಗೆಯ ಖಾತೆಯಲ್ಲಿ ಅಣ್ಣತಮ್ಮಂದಿರಿಗೆ ಮಾತು ಬಿಟ್ಟುಹೋದರೆ, ಹಣವಿದ್ದೂ ತಾಯಿಯ ಔಷಧಿಗೆ ಸಿಗದೆ ಇರುವುದನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ. ನಮ್ಮ ನಗರದ ರೈಲ್ವೆ ಸೇತುವೆಗಳೆಲ್ಲ ಈ ಎರಡನೆಯ ಬಗೆಯ ಖಾತೆಗಳು.

ಇಬ್ಬರೂ ಬೇರೆ ಬೇರೆ ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಬರ್ಫೀವಾಲಾ ಮೇಲ್ಸೇತುವೆಯ ಕಥೆಯನ್ನು ನೋಡಿ. ಗೋಖಲೆ ಸೇತುವೆಯ ಪಶ್ಚಿಮದ ತುದಿಗೆ ಈ ಮೇಲ್ಸೇತುವೆ ಕೂಡಿಕೊಳ್ಳುತ್ತಿತ್ತು. ಹಳಿಯ ಮೇಲೆ ಬಿಡಬೇಕಾದ ಎತ್ತರ ರೈಲ್ವೆಯ ಹೊಸ ನಿಯಮದಂತೆ ಹೆಚ್ಚಾದ್ದರಿಂದ ಹೊಸ ಸೇತುವೆ ಮೇಲಕ್ಕೆ ಹೋಯಿತು. ಪಕ್ಕದ್ದು ಹಳೆಯ ಮಟ್ಟದಲ್ಲಿಯೇ ಉಳಿಯಿತು. ೨೦೨೪ರ ಫೆಬ್ರವರಿಯಲ್ಲಿ ಒಂದು ಮಗ್ಗುಲನ್ನು ತೆರೆದಾಗ ಊರೆಲ್ಲ ಕಂಡಿತು: ಎರಡಕ್ಕೂ ಮಟ್ಟ ಕೂಡುವುದಿಲ್ಲ! ನಗರವೆಲ್ಲ ನಕ್ಕಿತು. ನಾವು, ದಿನವೂ ದಾಟುವವರು, ನಗಲಿಲ್ಲ. ಬಳಿಕ ಮಾತುಂಗದ ವಿ.ಜೆ.ಟಿ.ಐ. ಪಂಡಿತರ ಸಲಹೆ ಪಡೆದು ಜ್ಯಾಕುಗಳಿಂದ ಆ ಹಳೆಯ ಸೇತುವೆಯನ್ನೇ ಒಂದು ಬದಿಯಲ್ಲಿ ಸುಮಾರು ೧೪೦೦ ಮಿಲಿಮೀಟರು, ಇನ್ನೊಂದು ಬದಿಯಲ್ಲಿ ೬೫೦ ಮಿಲಿಮೀಟರು ಮೇಲೆತ್ತಿದರು. ಜುಲೈ ತಿಂಗಳಲ್ಲಿ ಎರಡೂ ಕೂಡಿದುವು. ಎತ್ತಿದ್ದು ಮೆಚ್ಚತಕ್ಕ ಕೆಲಸವೇ. ಆದರೆ ಎತ್ತಬೇಕಾಗುತ್ತದೆಂದು ತೆರೆಯುವ ಮೊದಲೇ ಊರಿಗೆ ಒಂದು ಮಾತು ಏಕೆ ತಿಳಿಸಲಿಲ್ಲ?

ಜನರ ಬೇಸರದ ಬೇರು ಇಲ್ಲಿದೆ. ತಡವಾದುದಕ್ಕಿಂತ, ಕೊಟ್ಟ ಮಾತು ಸದ್ದಿಲ್ಲದೆ ಮುಂದಕ್ಕೆ ಹೋದುದಕ್ಕಾಗಿ ಜನ ಕುದಿದರು. ಎರಡು ದಾರಿಗಳನ್ನು ೨೦೨೩ರ ಮೇ ಹೊತ್ತಿಗೆ ತೆರೆಯುತ್ತೇವೆಂದು ಮೊದಲು ಹೇಳಿದ್ದರು. ಮೇ ಹೋಯಿತು, ದೀಪಾವಳಿ ಹೋಯಿತು, ಸಂಕ್ರಾಂತಿಯ ಎಳ್ಳೂ ಮುಗಿಯಿತು. ಸಾಲ ತೆಗೆದುಕೊಂಡವನು ಕಂತಿಗೆ ಒಂದು ತಿಂಗಳು ತಪ್ಪಿದರೆ ನಮ್ಮಂಥ ಗುಮಾಸ್ತರು ಅವನಿಗೆ ಕಾಗದ ಬರೆಯುತ್ತೇವೆ, ಕಾರಣ ಕೇಳುತ್ತೇವೆ, ಬಡ್ಡಿಯ ಮೇಲೆ ಬಡ್ಡಿ ಹಾಕುತ್ತೇವೆ. ಸೇತುವೆಯ ಕಂತು ತಪ್ಪಿದಾಗ ಬಡ್ಡಿ ಕಟ್ಟಿದವರು ಯಾರು?

ಒಬ್ಬ ಮನುಷ್ಯನ ಲೆಕ್ಕ ಹಾಕೋಣ. ಹೋಗುತ್ತ ಇಪ್ಪತ್ತು ನಿಮಿಷ, ಬರುತ್ತ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯಿತೆಂದುಕೊಳ್ಳಿ. ಪೂರ್ತಿ ಮುಚ್ಚಿದ ೪೭೬ ದಿನಗಳಲ್ಲಿ ರಜೆ ಕಳೆದು ೪೦೦ ದಿನ ಎನ್ನಿ. ಹದಿನಾರು ಸಾವಿರ ನಿಮಿಷ. ಅಂದರೆ ಹನ್ನೊಂದು ಹಗಲು, ಹನ್ನೊಂದು ರಾತ್ರಿ. ಇಷ್ಟು ಕಾಲ ಅವನು ರಿಕ್ಷಾದಲ್ಲಿಯೋ ಬಸ್ಸಿನಲ್ಲಿಯೋ ಸುಮ್ಮನೆ ಕುಳಿತಿದ್ದ. ಇದನ್ನು ಯಾವ ಕಂಟ್ರಾಕ್ಟಿನ ಕಡತದಲ್ಲಿಯೂ ಬರೆದಿಲ್ಲ.

ಪಾರ್ಲೆಯಲ್ಲಿ ನಮಗೆ ಆದದ್ದೇನೆಂದರೆ, ಅಂಧೇರಿಯ ಹೊರೆಯೆಲ್ಲ ನಮ್ಮ ಕ್ಯಾಪ್ಟನ್ ಗೋರೆ ಸೇತುವೆಯ ಮೇಲೂ ಸಾಂತಾಕ್ರೂಜಿನ ಮಿಲನ್ ದಾರಿಯ ಮೇಲೂ ಬಿತ್ತು. ಅಂಧೇರಿಯ ಸಬ್‌ವೇ ಇದೆಯಲ್ಲ ಎನ್ನಬಹುದು. ಜೋರಾಗಿ ಒಂದು ಮಳೆ ಬಂದರೆ ಅದು ಸಬ್‌ವೇ ಅಲ್ಲ, ಕೆರೆ. ಪೂರ್ವದವರಿಗೆ ಕೂಪರ್ ಆಸ್ಪತ್ರೆ ಪಶ್ಚಿಮದಲ್ಲಿದೆ, ನಾನಾವಟಿ ಆಸ್ಪತ್ರೆ ಪಶ್ಚಿಮದಲ್ಲಿದೆ. ಮೊಗವೀರ ಭವನದ ಕಾರ್ಯಕ್ರಮಕ್ಕೆ ಪೂರ್ವದವರು ಹಳಿ ದಾಟಬೇಕು, ಬಿಲ್ಲವ ಭವನದ ಕಾರ್ಯಕ್ರಮಕ್ಕೆ ಪಶ್ಚಿಮದವರು ದಾಟಬೇಕು. ಯಕ್ಷಗಾನಕ್ಕೆ ಹೊರಟವರು ಚೌಕಿ ಪೂಜೆಗೆ ಹೋಗಿ ಮುಟ್ಟುವ ಬದಲು ಮಂಗಳದ ಹೊತ್ತಿಗೆ ಮುಟ್ಟಿದ ಕಥೆಗಳನ್ನು ತಾವೇ ನನಗೆ ಹೇಳಿದ್ದೀರಿ.

ನಗುವ ಮಾತು ಇರಲಿ. ನಮ್ಮ ಕಟ್ಟಡದಲ್ಲಿ ಒಬ್ಬ ನಿವೃತ್ತ ಮಾಸ್ತರರು ಇದ್ದರು, ಕುಂದಾಪುರದ ಕಡೆಯವರು. ಭಾನುವಾರ ಬೆಳಗ್ಗೆ ಕಟ್ಟಡದ ಹತ್ತು ಹನ್ನೆರಡು ಮಕ್ಕಳನ್ನು ಕೂಡಿಸಿಕೊಂಡು ಕನ್ನಡ ಅಕ್ಷರ ಕಲಿಸುತ್ತಿದ್ದರು. ಕೂಲಿ ಇಲ್ಲ, ಬೆತ್ತ ಇಲ್ಲ. ಚೆನ್ನಾಗಿ ಬರೆದ ಮಗುವಿಗೆ ಒಂದು ಪೆಪ್ಪರಮಿಂಟು. ಅವರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಹಳಿಯ ಆಚೆಗೆ ಹೋಗಬೇಕಾಗಿತ್ತು. ಮೊದಲು ಕಾಲು ಗಂಟೆಯ ದಾರಿ. ಸೇತುವೆ ಮುಚ್ಚಿದ ಮೇಲೆ ಎಷ್ಟು ಹೊತ್ತೆಂದು ಹೇಳುವಂತೆಯೇ ಇರಲಿಲ್ಲ. ಚಿಕಿತ್ಸೆ ಮುಗಿಸಿ ಬಸವಳಿದ ಜೀವ ರಿಕ್ಷಾದಲ್ಲಿ ಹೊಗೆ ಕುಡಿಯುತ್ತ ಒಂದು ಗಂಟೆ ಕೂರುವುದೆಂದರೇನು, ತಾವೇ ಊಹಿಸಿ. ೨೦೨೩ರ ಮಳೆಗಾಲ ಕಳೆಯುವ ಮೊದಲೇ ಅವರ ಮಗಳು ಅವರನ್ನು ಡೊಂಬಿವಲಿಗೆ ಕರೆದುಕೊಂಡು ಹೋದಳು. "ಮಾಣಿ, ಸೇತುವೆ ತೆಗೆದ ಮೇಲೆ ಬರ್ತೆ" ಎಂದು ನನಗೆ ಹೇಳಿ ಹೋದರು. ಅಲ್ಲಿಯೇ ಹತ್ತಿರದಲ್ಲಿ ಆಸ್ಪತ್ರೆ ಗೊತ್ತಾಯಿತು, ಅಲ್ಲಿಯೇ ನಿಂತರು. ಭಾನುವಾರದ ಪಾಠ ನಿಂತುಹೋಯಿತು. ಆ ಹತ್ತು ಹನ್ನೆರಡು ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ಒತ್ತಕ್ಷರದ ತನಕ ಬಂದಿದ್ದಳು. ಸೇತುವೆಗೂ ಕನ್ನಡಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ನನ್ನ ಉತ್ತರ ಇದು.

ತಡಮಾಡಿದರೆ ಜೀವವೇ ಹೋಗುತ್ತದೆಂಬುದನ್ನೂ ಈ ನಗರ ಕಂಡಿದೆ. ೨೦೧೭ರ ಸೆಪ್ಟೆಂಬರ್ ೨೯, ವಿಜಯದಶಮಿಯ ಹಿಂದಿನ ದಿನ, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಕಾಲುಸೇತುವೆಯಲ್ಲಿ ನೂಕುನುಗ್ಗಲಾಗಿ ೨೩ ಜನ ಸತ್ತರು. ಯಾರೋ "ಫೂಲ್ ಬಿತ್ತು" ಎಂದದ್ದು "ಪುಲ್ ಬಿತ್ತು" ಎಂದು ಕೇಳಿಸಿತೆಂದು ಆಗ ಹೇಳಿದರು. ಅಲ್ಲಿ ಅಗಲವಾದ ಸೇತುವೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿದ್ದರು. ಆ ಮೇಲೆ ಸೈನ್ಯದವರನ್ನು ಕರೆಸಿದರು; ಅವರು ಕಟ್ಟಿದ ಕಾಲುಸೇತುವೆ ೨೦೧೮ರ ಫೆಬ್ರವರಿ ೨೭ರಂದು, ಐದು ತಿಂಗಳೊಳಗೆ, ತೆರೆಯಿತು. ಕಾಲುಸೇತುವೆಗೂ ೧೩೦೦ ಟನ್ನಿನ ಗರ್ಡರಿಗೂ ಹೋಲಿಕೆ ಮಾಡಬಾರದು, ಒಪ್ಪುತ್ತೇನೆ. ಆದರೆ ಅಲ್ಲಿ ಹೊಣೆ ಯಾರದೆಂಬ ಪ್ರಶ್ನೆ ತೀರ್ಮಾನವಾಗಿತ್ತು.

ನಮ್ಮ ಊರಿನಲ್ಲಿ ಎಲ್ಲ ಸರಿಯಿದೆಯೆಂದು ನಾನು ಹೇಳುತ್ತಿಲ್ಲ. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ೨೦೨೦ರ ಜನವರಿ ೩೧ರಂದು ತೆರೆಯುವವರೆಗೆ ಎಷ್ಟು ವರ್ಷ ನಗೆಗೀಡಾಗಿತ್ತೆಂದು ತಮಗೆ ಗೊತ್ತು. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ೨೦೨೪ರ ಆಗಸ್ಟಿನಲ್ಲಿ ರಾತ್ರಿ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಮುಂಬಯಿಯಿಂದ ಊರಿಗೆ ಹೋಗುವ ನಮ್ಮ ಬಸ್ಸುಗಳು ಓಡಾಡುತ್ತಿದ್ದ ದಾರಿಯೇ ಅದು.

ಈಗ ಗೋಖಲೆಯವರ ವಿಷಯ ಒಂದೆರಡು ಮಾತು. ಸೇತುವೆಯ ಮೇಲೆ ಅವರ ಹೆಸರು ಓದುತ್ತೇವೆ, ಅಷ್ಟೇ. ಗಾಂಧೀಜಿ ತಮ್ಮ ರಾಜಕೀಯ ಗುರುವೆಂದು ಕರೆದ ಮಹನೀಯರು. ಪುಣೆಯ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದವರು. ೧೯೦೨ರಲ್ಲಿ ವೈಸರಾಯರ ಶಾಸನಸಭೆಯಲ್ಲಿ ಆಯವ್ಯಯದ ಮೇಲೆ ಮಾತಾಡಿ, ಸರಕಾರದ ಲೆಕ್ಕವನ್ನು ಸರಕಾರದ ಅಂಕಿಗಳಿಂದಲೇ ಪ್ರಶ್ನಿಸಿದರು: ಬೊಕ್ಕಸದಲ್ಲಿ ಉಳಿತಾಯವಿರುವಾಗ ಬಡವನ ಉಪ್ಪಿನ ಮೇಲೆ ಇಷ್ಟು ತೆರಿಗೆ ಏಕೆ ಎಂಬುದು ಅವರ ಕೇಳಿಕೆ. ಕೂಗಲಿಲ್ಲ, ಬೈಯಲಿಲ್ಲ, ಲೆಕ್ಕ ಕೇಳಿದರು. ಅವರ ಹೆಸರಿನ ಸೇತುವೆ ಮುಚ್ಚಿ ಮತ್ತೆ ಕಟ್ಟುವ ಕಾಲದಲ್ಲಿ ಲೆಕ್ಕ ಕೇಳಲು ನಮಗೆ ನಗರಸೇವಕರೇ ಇರಲಿಲ್ಲ. ಮಹಾನಗರಪಾಲಿಕೆಯ ಚುನಾಯಿತ ಸಭೆಯ ಅವಧಿ ೨೦೨೨ರ ಮಾರ್ಚಿನಲ್ಲಿ ಮುಗಿದಿತ್ತು. ೨೦೨೫ರ ಮೇ ತಿಂಗಳಲ್ಲಿ ಸೇತುವೆ ಪೂರ್ತಿ ತೆರೆದಾಗಲೂ ಆಡಳಿತಾಧಿಕಾರಿಯ ಆಳ್ವಿಕೆಯೇ ನಡೆದಿತ್ತು.

"ನಾವು ಹೊಟ್ಟೆಪಾಡಿಗೆ ಬಂದವರು, ಇಲ್ಲಿಯವರು ಕೇಳಲಿ, ನಮಗೇಕೆ?" ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ಈ ಮಾತು ನನಗೆ ಹಿಡಿಸುವುದಿಲ್ಲ. ಮನೆಯ ತೆರಿಗೆ ಕಟ್ಟುವಾಗ ನಾವು ಹೊರಗಿನವರಲ್ಲ. ನಮ್ಮ ಕಟ್ಟಡದಲ್ಲಿ ಮರಾಠಿಯವರು, ಗುಜರಾತಿಯವರು, ನಾವು ಎಲ್ಲರೂ ಕೂಡಿ ಒಂದು ಕಾಗದ ಬರೆದೆವು. ಕಳಿಸಿದ ಕಚೇರಿಯಿಂದ ಉತ್ತರ ಬರಲಿಲ್ಲ. ಆಮೇಲೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಹಾಕಿದಾಗ ಉತ್ತರ ಬಂತು, ಎರಡು ಸಾಲು. ಎರಡಾದರೂ ಸಾಲೇ.

ಇದು ಮುಗಿದ ಕಥೆಯಲ್ಲ. ೧೯೧೨ರಲ್ಲಿ ಕಟ್ಟಿದ ಸಾಯನ್ ಸೇತುವೆಯನ್ನು, ದಿನವನ್ನು ಹಲವು ಸಲ ಮುಂದಕ್ಕೆ ಹಾಕಿ, ೨೦೨೪ರ ಆಗಸ್ಟ್ ೧ರಂದು ವಾಹನಗಳಿಗೆ ಮುಚ್ಚಿದರು. ಪ್ರಭಾದೇವಿಯ ಹಳೆಯ ಎಲ್ಫಿನ್‌ಸ್ಟನ್ ಸೇತುವೆಯನ್ನು ೨೦೨೫ರ ಸೆಪ್ಟೆಂಬರ್ ೧೨ರಂದು ಮುಚ್ಚಿದರು. ಆ ಭಾಗದಲ್ಲಿಯೂ ನಮ್ಮ ಕನ್ನಡ ಕುಟುಂಬಗಳಿವೆ. ನಾವು ಕಂಡದ್ದನ್ನು ಅವರೂ ಕಾಣತಕ್ಕವರು. ಅವರಲ್ಲಿ ನನ್ನದೊಂದು ಬಿನ್ನಹ: ಕೆಲಸ ಮುಗಿಯುವ ದಿನವೆಂದು ಅಧಿಕಾರಿಗಳು ಹೇಳಿದ ಪ್ರತಿಯೊಂದು ತಾರೀಖನ್ನೂ, ಹೇಳಿದ ದಿನವನ್ನೂ, ತಪ್ಪಿದಾಗ ಕೊಟ್ಟ ಕಾರಣವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಗೋಖಲೆ ಸೇತುವೆಗೆ ಅಂಥ ಪುಸ್ತಕವನ್ನು ಯಾರೂ ಇಡಲಿಲ್ಲ. ನಾನು ಹೇಳಿದ ತಾರೀಖುಗಳನ್ನೆಲ್ಲ ಹಳೆಯ ಪತ್ರಿಕೆಗಳಿಂದ ಹೆಕ್ಕಬೇಕಾಯಿತು.

ಅರ್ಜಿಯ ನಮೂನೆಯನ್ನು ಮರಾಠಿಯಲ್ಲಿ ಬರೆಸಿ ಕನ್ನಡದ ಅರ್ಥದೊಡನೆ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಊಟಕ್ಕೆ ಹೋಗುವಾಗ ಒಂದೊಂದು ಪ್ರತಿ ತೆಗೆದುಕೊಳ್ಳಬಹುದು. ಭಾನುವಾರದ ಪಾಠವನ್ನು ಮತ್ತೆ ನಡೆಸಲು ಮಾಸ್ತರರ ಜಾಗದಲ್ಲಿ ಯಾರಾದರೂ ಮುಂದೆ ಬರುವುದಾದರೆ ಅದೇ ಮೇಜಿನ ಮೇಲೆ ಹೆಸರು ಬರೆದಿಡಬೇಕಾಗಿ ಕೋರುತ್ತೇನೆ. ಪೆಪ್ಪರಮಿಂಟಿನ ಖರ್ಚು ನನ್ನದು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.