ಮಲ್ಲಿಗೆ ಬಿಟ್ಟು ಬಂದ ಅಜ್ಜಿ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಕವಿಗಳನ್ನು ಕುರಿತೂ ದೇಶಭಕ್ತರನ್ನು ಕುರಿತೂ ಅನೇಕ ಭಾಷಣಗಳಾಗಿವೆ. ಇಂದು ನಾವು ಮಾತನಾಡಲಿರುವುದು ಯಾವ ಪುಸ್ತಕದಲ್ಲಿಯೂ ಹೆಸರು ಬಾರದ ಒಬ್ಬ ಮುದುಕಿಯ ವಿಷಯ. ಕಳೆದ ಮಳೆಗಾಲದಲ್ಲಿ ತಮ್ಮ ಊರಿನಲ್ಲಿ ತೀರಿಕೊಂಡ ಅವರನ್ನು ನಿಮ್ಮಲ್ಲಿ ಬಹಳ ಮಂದಿ ಬಲ್ಲಿರಿ. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕುಳಿತು, ತುಟಿಯಾಡಿಸುತ್ತ ‘ರಾಕ್ಣೊ’ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದುತ್ತಿದ್ದವರು ಅವರೇ. ಮನೆಯವರ ಇಚ್ಛೆಯಂತೆ ಹೆಸರು ಹೇಳುವುದಿಲ್ಲ. ಎಲ್ಲರೂ ಅಜ್ಜಿ ಎನ್ನುತ್ತಿದ್ದೆವು, ಹಾಗೆಯೇ ಕರೆಯೋಣ.

ಅಜ್ಜಿ ಕೆಥೊಲಿಕ್ ಕ್ರೈಸ್ತರು. ಮನೆಮಾತು ಕೊಂಕಣಿ, ಪೇಟೆಯ ಮಾತು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ‘ರಾಕ್ಣೊ’ 1938ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಾರಪತ್ರಿಕೆ. ಅದರ ಭಾಷೆ ಕೊಂಕಣಿ, ಲಿಪಿ ಕನ್ನಡ. ಅವರ ಪ್ರಾರ್ಥನೆಯ ಪುಸ್ತಕದ ಅಕ್ಷರವೂ ನಮ್ಮದೇ. “ಕೊಂಕಣಿಯವರಿಗೆ ಕನ್ನಡ ಸಂಘದಲ್ಲಿ ಏನು ಕೆಲಸ?” ಎಂದು ಒಮ್ಮೆ ಒಬ್ಬರು ಕೇಳಿದರು. “ದೇವರನ್ನು ಕರೆಯುವ ಅಕ್ಷರ ಇಲ್ಲಿಯೇ ಇದೆಯಲ್ಲ” ಎಂದರು ಅಜ್ಜಿ. ಕೇಳಿದವರು ಮರುಮಾತಾಡಲಿಲ್ಲ.

ಅವರ ಊರು ಉಡುಪಿ ಜಿಲ್ಲೆಯ ಶಂಕರಪುರದ ಸೀಮೆ. ಆ ಕಡೆ ಮನೆಯಂಗಳದಲ್ಲಿ ಮಲ್ಲಿಗೆ ಬೆಳೆಯುವುದು ಹೆಂಗಸರ ದುಡಿಮೆ. ಹಿಂದೂಗಳೂ ಬೆಳೆಯುತ್ತಾರೆ, ಕ್ರೈಸ್ತರೂ ಬೆಳೆಯುತ್ತಾರೆ. ಉಡುಪಿ ಮಲ್ಲಿಗೆಗೆ ಈಗ ಸರಕಾರದ ಭೌಗೋಳಿಕ ಗುರುತಿನ ಮುದ್ರೆಯೂ ದೊರೆತಿದೆ. ಇಪ್ಪತ್ತು ಮೂವತ್ತು ಗಿಡಗಳಿದ್ದರೆ ಒಂದು ಸಂಸಾರದ ಸಣ್ಣ ಪುಟ್ಟ ಖರ್ಚು ನಡೆಯುತ್ತದೆ. ಅಜ್ಜಿಯ ಅಂಗಳದಲ್ಲಿ ಮೂವತ್ತಕ್ಕೆ ಎರಡು ಕಡಿಮೆ ಇದ್ದುವಂತೆ.

ಈ ಕೃಷಿಯ ಕಟ್ಟುನಿಟ್ಟು ನಮ್ಮ ಗಿರಣಿಯ ಕಹಳೆಗಿಂತ ಹೆಚ್ಚು. ಮೊಗ್ಗು ಅರಳುವ ಮೊದಲೇ, ಬೆಳಗಿನ ಜಾವ ಕೊಯ್ಯಬೇಕು. ಅರಳಿದ ಹೂವಿಗೆ ಮಾರುಕಟ್ಟೆಯಿಲ್ಲ. ಕೊಯ್ದದ್ದನ್ನು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಯೊಂದಕ್ಕೆ 3200 ಮೊಗ್ಗುಗಳು ಬೆರಳಿನ ತುದಿಯಿಂದ ದಾಟಬೇಕು. ದರ ಆಯಾ ದಿನ ನಿಶ್ಚಯವಾಗುತ್ತದೆ. ಮದುವೆಯ ಕಾಲದಲ್ಲಿ, ನವರಾತ್ರಿಯಲ್ಲಿ ಏರುತ್ತದೆ, ಮಳೆಗಾಲದಲ್ಲಿ ಹೂವೇ ಕಡಿಮೆ. ಬುಡಕ್ಕೆ ನೆಲಗಡಲೆಯ ಹಿಂಡಿ ನೆನೆಸಿದ ನೀರು, ಸೆಗಣಿ, ಬೂದಿ. ಭಾನುವಾರವೆಂದು ಗಿಡ ರಜೆ ಕೊಡುವುದಿಲ್ಲ. ಅಜ್ಜಿ ಹೂ ಕೊಯ್ದು ಮುಗಿಸಿಯೇ ಇಗರ್ಜಿಗೆ ಹೋಗುತ್ತಿದ್ದರು.

ಆ ಹೂ ಎಲ್ಲಿಗೆ ಹೋಗುತ್ತಿತ್ತು? ದೇವಸ್ಥಾನಕ್ಕೆ, ನಾಗಬನಕ್ಕೆ, ಭೂತದ ಕೋಲಕ್ಕೆ, ಮದುಮಗಳ ಮುಡಿಗೆ. ತಮ್ಮ ಪಾಲಿಗೆ ಅವರು ಉಳಿಸಿಕೊಳ್ಳುತ್ತಿದ್ದುದು ಒಂದು ಮೊಳ ಮಾತ್ರ. ಅದು ಮರಿಯಮ್ಮನವರ ಪಟಕ್ಕೆ. ಸಂಜೆಯಾದರೆ ಮನೆಮಂದಿಯೆಲ್ಲ ಕೂಡಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರಿಂದ ಆಶೀರ್ವಾದ ಬೇಡಬೇಕು. ಆಮೇಲೆಯೇ ಊಟ.

ಈ ಅಜ್ಜಿ ನಮ್ಮೆಲ್ಲರಿಗಿಂತ ಹೆಚ್ಚು ದೇಶ ತಿರುಗಿದವರು. ಹಿರಿಯ ಮಗಳ ಬಾಣಂತನಕ್ಕೆ ಮುಂಬಯಿಗೆ ಹೋದರು. ಅದು 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆಯುವುದಕ್ಕೆ ಮುಂಚಿನ ಮಾತು. ಬಸ್ಸಿನಲ್ಲಿ ಹಗಲೂ ರಾತ್ರಿಯೂ ಕುಳಿತು ಹೋಗಬೇಕಾಗಿತ್ತು. ಎರಡನೆಯ ಮಗಳು ಕುವೈತಿನಲ್ಲಿ ದಾದಿ. ಅವಳಿಗಾಗಿ ಪಾಸ್‌ಪೋರ್ಟು ಮಾಡಿಸಿ ವಿಮಾನ ಹತ್ತಿದರು. ಕೊನೆಗೆ ಕಿರಿಯ ಮಗನಿಗಾಗಿ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಸುಮಾರು ಎರಡು ದಿನ ಕಳೆದು ನಿಜಾಮುದ್ದೀನಿನಲ್ಲಿ ಇಳಿದು, ಫರೀದಾಬಾದಿನ ಎರಡು ಕೋಣೆಯ ಮನೆಗೆ ಬಂದರು. “ಇಷ್ಟು ಹತ್ತಿರ ಬಂದಿದ್ದೀರಿ, ತಾಜಮಹಲು ನೋಡಿದಿರಾ ಅಜ್ಜಿ?” ಎಂದು ಕೇಳಿದೆವು. “ಮಗು ಮಲಗುವುದೇ ಅರ್ಧ ಗಂಟೆ. ಅಷ್ಟರಲ್ಲಿ ಆಗ್ರಾಕ್ಕೆ ಹೋಗಿ ಬರಲಾಗುತ್ತದೆಯೆ?” ಎಂದರು.

ಅವರ ಜನಕ್ಕೆ ಊರು ಬಿಡುವುದು ಹೊಸದಲ್ಲ. ಪೂರ್ವಿಕರು ಗೋವೆಯಿಂದ ಬಂದು ಕೆನರಾದಲ್ಲಿ ನೆಲೆಸಿದವರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಿಂದ ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಹಿಂತಿರುಗಿ, ಬಿಟ್ಟುಹೋದ ನೆಲದಲ್ಲಿ ಮತ್ತೆ ಬೇಸಾಯ ಹೂಡಿದರು.

ಫರೀದಾಬಾದಿನಲ್ಲಿ ಅಜ್ಜಿಗೆ ದೊರೆತ ನೆಲ ನಾಲ್ಕು ಬಣ್ಣದ ಡಬ್ಬಿಗಳು. ಒಂದರಲ್ಲಿ ಬಸಳೆ, ಒಂದರಲ್ಲಿ ಪತ್ರೊಡೆಗೆ ಕೆಸು, ಎರಡರಲ್ಲಿ ಮಲ್ಲಿಗೆ. ಇಲ್ಲಿಯವರು ಮೋಗ್ರಾ ಎನ್ನುವುದೂ ನಮ್ಮ ಮಲ್ಲಿಗೆಯೂ ಒಂದೇ ಕುಲ. ಆದರೆ ಇಲ್ಲಿಯ ಚಳಿಗೆ ಅದು ಮುದುಡಿ ನಿಲ್ಲುತ್ತದೆ. ಬಸಳೆಯಂತೂ ಡಿಸೆಂಬರಿನಲ್ಲಿ ಸುಟ್ಟಂತಾಗುತ್ತದೆ. ಅಜ್ಜಿ ಅದರ ಕಪ್ಪು ಬೀಜಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟು ಹೋಳಿಯ ನಂತರ ಮತ್ತೆ ಊರುತ್ತಿದ್ದರು. ಮೀನು ತೊಳೆದ ನೀರನ್ನು ಬುಡಕ್ಕೆ ಸುರಿದಾಗ ಕೆಳಗಿನ ಮನೆಯವರು ಜಗಳಕ್ಕೆ ಬಂದರು. ಎರಡು ಕಟ್ಟು ಬಸಳೆ ಹೋದ ಮೇಲೆ ಜಗಳ ನಿಂತಿತು.

ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಕರಾವಳಿಯ ಕೆಥೊಲಿಕರಿಗೆ ಅದೇ ತೆನೆಹಬ್ಬ, ಮೊಂತಿ ಫೆಸ್ತ್. ನೇತ್ರಾವತಿ ದಂಡೆಯ ಫರಂಗಿಪೇಟೆಯ ಇಗರ್ಜಿಯಲ್ಲಿ 1763ರಲ್ಲಿ ಜೋಕಿಂ ಮಿರಾಂದ ಎಂಬ ಪಾದ್ರಿಗಳು ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಪಾದ್ರಿಗಳು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಅದರ ಅಕ್ಕಿಯನ್ನು ಪುಡಿಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಕೂಡಿ ಉಣ್ಣಬೇಕು. ಆ ದಿನ ಮೀನು ಮಾಂಸವಿಲ್ಲ. ದೂರದಲ್ಲಿರುವವರಿಗೆ ನಾಲ್ಕು ಕಾಳು ಅಂಚೆಯಲ್ಲಿ ಹೋಗುತ್ತವೆ. ಒಂದು ವರ್ಷ ಅಜ್ಜಿಗೆ ಆ ಲಕೋಟೆ ನಾಲ್ಕು ದಿನ ತಡವಾಗಿ ಬಂತು. ಎಂಟರಂದು ಗೋಲ್ ಡಾಕ್‌ಖಾನೆಯ ಬಳಿಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲಿಗೆ ಹೋಗಿ ಪ್ರಾರ್ಥನೆ ಸಲ್ಲಿಸಿ ಬಂದರು. ಆದರೆ ಪಾಯಸ ಮಾಡಿದ್ದು ಕಾಳು ಬಂದ ದಿನ. ನಮ್ಮ ಮನೆಗಳಿಗೂ ಒಂದೊಂದು ಲೋಟ ಬಂದಿತ್ತು.

ಈಗ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರೋಣ. ನಾವು ಗಿರಣಿಯಲ್ಲಿ ಜಮಾ-ಖರ್ಚು ಬರೆಯುವವರು, ಆ ಕಣ್ಣಿನಿಂದಲೇ ನೋಡೋಣ. ಅಜ್ಜಿ ಬಂದದ್ದರಿಂದ ಸೊಸೆ ಕೆಲಸಕ್ಕೆ ಹೋದಳು. ಅವಳ ಸಂಬಳ ಜಮಾ ಆಯಿತು. ಆಯಾಳಿಗೆ ಕೊಡಬೇಕಾಗಿದ್ದ ಹಣ ಉಳಿಯಿತು, ಅದೂ ಜಮಾ. ಖರ್ಚಿನ ಕಡೆ ರೈಲಿನ ಟಿಕೇಟು ಮಾತ್ರ ಕಾಣುತ್ತದೆ. ಆದರೆ ಅಂಗಳದಲ್ಲಿ ಪ್ರತಿದಿನ ಕೊಯ್ಯದೆ ಅರಳಿಹೋದ ಹೂವನ್ನು ಯಾವ ಕಲಮಿನಲ್ಲಿ ಬರೆಯೋಣ? ಆ ಹೂವಿನ ಹಣ ಅಜ್ಜಿಯ ಕೈಯ ಸ್ವಂತ ಹಣ. ಗಂಡನನ್ನು ಕೇಳದೆ, ಮಕ್ಕಳನ್ನು ಕೇಳದೆ ಅವರು ಖರ್ಚುಮಾಡಬಹುದಾಗಿದ್ದ ಹಣ ಅದೊಂದೇ. ಮಕ್ಕಳ ಶಾಲೆಯ ಫೀಜು, ಮಗಳ ಕಿವಿಯೋಲೆ, ಇಗರ್ಜಿಯ ಕಾಣಿಕೆ, ಎಲ್ಲವೂ ಅದರಿಂದ ನಡೆದಿದ್ದುವು. ಇಲ್ಲಿಗೆ ಬಂದ ಮೇಲೆ ಕಾಣಿಕೆಯ ಹತ್ತು ರೂಪಾಯಿಗೂ ಮಗನ ಮುಖ ನೋಡಬೇಕಾಯಿತು. ಮಗ ಒಳ್ಳೆಯವನೇ, ಕೇಳಿದರೆ ನೂರು ಕೊಡುವವನು. ಆದರೆ ಕೇಳುವುದೇ ಅವರಿಗೆ ಅಭ್ಯಾಸವಿರಲಿಲ್ಲ.

ಒಂದು ವರ್ಷಕ್ಕೆಂದು ಬಂದವರು ನಾಲ್ಕು ವರ್ಷ ಉಳಿದರು. ಮರಳಿ ಹೋದಾಗ ಇಪ್ಪತ್ತೆಂಟು ಗಿಡಗಳಲ್ಲಿ ಒಂಬತ್ತು ಉಳಿದಿದ್ದುವು. ಅವುಗಳ ರೆಂಬೆ ಕತ್ತರಿಸಿ ನೆಟ್ಟು ಮತ್ತೆ ಹದಿನೈದಕ್ಕೆ ತಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮಗನಿಗೆ ಬರೆದ ಪತ್ರದಲ್ಲಿ, “ಈ ಸಲ ಹಬ್ಬದ ಕಾಣಿಕೆ ನನ್ನ ಹೂವಿನದೇ” ಎಂದು ಒಂದು ಸಾಲಿತ್ತು. ಮಗ ಅದನ್ನು ಇಲ್ಲಿಗೆ ತಂದು ನಮಗೆ ಓದಿ ತೋರಿಸಿದರು.

ಬಂಧುಗಳೆ, ನಮ್ಮಲ್ಲಿ ಅನೇಕರು ನಾಳೆ ಊರಿಗೆ ಹೀಗೆಯೇ ಕರೆ ಕಳುಹಿಸುವವರು. ಒಬ್ಬರ ಅಂಗಳದಲ್ಲಿ ಮಲ್ಲಿಗೆ, ಇನ್ನೊಬ್ಬರ ಕೊಟ್ಟಿಗೆಯಲ್ಲಿ ಎಮ್ಮೆ, ಮತ್ತೊಬ್ಬರ ಮನೆಯಲ್ಲಿ ಹೊಲಿಗೆಯ ಯಂತ್ರ. ತಾಯಿಯನ್ನು ಕರೆಸುವ ಮುನ್ನ, ಆಕೆ ಏನನ್ನು ಬಿಟ್ಟು ಬರಬೇಕೆಂದು ಕೇಳೋಣ. ಆದರೆ ಆ ದುಡಿಮೆ ಕಡಿಮೆಯಿರುವ ತಿಂಗಳಲ್ಲಿ ಕರೆಸೋಣ. ತಿಂಗಳ ಸಂಬಳ ಬಂದ ದಿನ, ಲೆಕ್ಕ ಕೇಳದ ಒಂದು ಮೊತ್ತವನ್ನು ಆಕೆ ಕೇಳುವ ಮೊದಲೇ ಕೈಯಲ್ಲಿಡೋಣ. ಬರುವ ಟಿಕೇಟಿನೊಡನೆ ಹೋಗುವ ದಿನವನ್ನೂ ಗೊತ್ತುಮಾಡೋಣ. ಇದು ದಾನವಲ್ಲ, ನಮ್ಮ ಜಮೆಯ ಎದುರು ನಿಂತಿರುವ ಬಾಕಿ.

ವಾಚನಾಲಯದ ಪರವಾಗಿಯೂ ಒಂದು ಸೂಚನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಿಟಕಿಯ ಪಕ್ಕದ ಬೆಂಚು ಊರಿನಿಂದ ಬಂದ ಹಿರಿಯರಿಗೆ ಮೀಸಲು. ‘ರಾಕ್ಣೊ’ ಮೊದಲಿನಂತೆಯೇ ಕೆಳಗಿನ ಹಲಗೆಯ ಮೇಲೆ ಇರುತ್ತದೆ. ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದರೂ ಅಡ್ಡಿಯಿಲ್ಲ. ಸದ್ದಾದರೆ ಉಳಿದವರು ಸ್ವಲ್ಪ ಸಹಿಸಿಕೊಳ್ಳಬೇಕೆಂದು ಪ್ರಾರ್ಥನೆ.