ಮಂಡಿ ಒಪ್ಪಿದ ಕಾರು

ಹೋದ ಸಂಕ್ರಾಂತಿಗೆ ಮುಂಚೆ ನಮ್ಮ ದೊಡ್ಡಪ್ಪನ್ನ ಕೆ.ಆರ್. ಪೇಟೆಯಿಂದ ಮೇಲುಕೋಟೆಗೆ ಕರ್ಕೊಂಡು ಹೋಗಿದ್ದೆ. ಕಾರು ನಂದೇ, ಸೆಡಾನು, ನೋಡೋಕೆ ಚೆಂದ. ಹತ್ತೋವಾಗ ದೊಪ್ ಅಂತ ಕೂತ್ಬಿಟ್ರು. ಇಳಿಯೋವಾಗ ಶುರುವಾಯ್ತು ನೋಡಿ ಪಾಡು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ, ಪಂಚೆ ಅಂಚು ಸೀಟಿನ ಸಂದಿಗೆ ಸಿಕ್ಕಾಕೊಂಡಿದೆ. ಹೆಂಗೋ ಎದ್ದು ನಿಂತು, ಉಸಿರು ಬಿಟ್ಟು ಅಂದ್ರು: "ಇದು ಕಾರಲ್ಲ ಕಣ್ಲಾ ಮಗ, ಹಳ್ಳ. ಬೀಳೋದು ಸಲೀಸು, ಎದ್ದು ಬರೋದೇ ಕಷ್ಟ."

ಆವತ್ತಿಂದ ಯಾರಾದ್ರೂ "ಅಪ್ಪಂಗೊಂದು ಕಾರು ತಗೋಬೇಕು, ಯಾವ್ದು ತಗೊಳ್ಳಲಿ?" ಅಂತ ಫೋನ್ ಮಾಡಿದ್ರೆ ನಾನು ಬಜೆಟ್ಟು, ಮೈಲೇಜು ಯಾವ್ದೂ ಕೇಳಲ್ಲ. ಮೊದಲು ಮಂಡಿ ಹೆಂಗಿದೆ ಅಂತ ಕೇಳ್ತೀನಿ.

ಒಂದು ಟೇಪು ತಗೊಳ್ಳಿ. ಮನೇಲಿ ಅವರು ಯಾವ ಕುರ್ಚಿಯಿಂದ ಯಾರ ಕೈಯೂ ಹಿಡೀದೆ ಏಳ್ತಾರೋ, ಆ ಕುರ್ಚಿ ನೆಲದಿಂದ ಎಷ್ಟು ಎತ್ತರ ಇದೆ ಅಳೀರಿ. ಆಮೇಲೆ ಕಾರಿನ ಸೀಟು ಅಳೀರಿ, ನೆಲದಿಂದ, ಕಾರಿನ ಒಳಗಿಂದ ಅಲ್ಲ. ಕುರ್ಚಿಗಿಂತ ಕೆಳಗಿದ್ರೆ ಏಳೋದು ಕಷ್ಟ. ತೀರಾ ಮೇಲಿದ್ರೆ, ಬೊಲೆರೊ, ಸ್ಕಾರ್ಪಿಯೊ ಥರ, ಹತ್ತೋಕೇ ಏಣಿ ಬೇಕು. ಅವರು ಕಾರಿಗೆ ಬೆನ್ನು ಮಾಡಿ ನಿಂತ್ರೆ ಸೀಟು ತೊಡೆಯ ಮೇಲ್ಭಾಗಕ್ಕೆ ಬರಬೇಕು. ಮೊದಲು ಕೂತು, ಆಮೇಲೆ ಕಾಲು ಒಳಗೆ ತಗೊಳ್ಳೋ ಹಂಗಿರಬೇಕು.

1998ರಲ್ಲಿ ಸ್ಯಾಂಟ್ರೊ, ಮರುವರ್ಷ ವ್ಯಾಗನ್-ಆರ್ ಬಂದಾಗ ಬೆಂಕಿಪೆಟ್ಟಿಗೆ ಅಂತ ಆಡ್ಕೊಂಡು ನಕ್ಕಿದ್ವಿ. ಈಗ ನಮ್ಮಪ್ಪ ಅಮ್ಮಂದಿರಿಗೆ ಅದೇ ಪೆಟ್ಟಿಗೆ ಹಿತವಾಗಿದೆ. ಈಗಿನ ವ್ಯಾಗನ್-ಆರ್ 1675 ಮಿಲಿಮೀಟರ್ ಎತ್ತರ. ಡಿಸೈರ್ ಅದಕ್ಕಿಂತ ಸುಮಾರು ಅರ್ಧ ಅಡಿ ಗಿಡ್ಡ. ತಲೆ ಬಗ್ಗಿಸೋರಿಗೆ ಆ ಅರ್ಧ ಅಡಿಯ ಬೆಲೆ ಗೊತ್ತು. ಬಾಗಿಲು ಎಷ್ಟು ಅಗಲ ತೆರೆಯುತ್ತೆ ಅನ್ನೋದೂ ನೋಡಿ. ಟಾಟಾ ಪಂಚ್‌ದು ಪೂರ್ತಿ 90 ಡಿಗ್ರಿ ತೆರೆಯುತ್ತೆ. ವ್ಯಾಗನ್-ಆರ್‌ಗಂತೂ ಮುಂದಿನ ಸೀಟೇ ಬಾಗಿಲ ಕಡೆ ತಿರುಗೋ ಏರ್ಪಾಡನ್ನ ಮಾರುತಿಯವರು 2025ರ ಡಿಸೆಂಬರಲ್ಲಿ ತಂದ್ರು. ಸ್ಟ್ರೋಕ್ ಆದೋರು, ಮಂಡಿ ಆಪರೇಷನ್ ಆದೋರು ಮನೇಲಿದ್ರೆ ವಿಚಾರಿಸಿ.

ಇಲ್ಲೊಂದು ಗೊಂದಲ ಬಿಡಿಸ್ಬೇಕು. ಸೀಟಿನ ಎತ್ತರ ಬೇರೆ, ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ಕಾರಿನ ಹೊಟ್ಟೆಗೂ ನೆಲಕ್ಕೂ ಇರೋ ಅಂತರ, ಬೇರೆ. ಮೊದಲನೇದು ಮಂಡಿಗೆ, ಎರಡನೇದು ನಮ್ಮೂರ ರಸ್ತೆಗೆ. ನಾಗಮಂಗಲ ಕಡೆ ಒಳರಸ್ತೆಗಳಲ್ಲಿ ಹೋಗಿ ನೋಡಿ, ಊರಿಗೊಂದು ಹಂಪು, ಒಂದೊಂದೂ ಗದ್ದೆ ಬದು ಇದ್ದಂಗೆ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೇ ರಾಗಿ, ಹುರುಳಿ ಒಕ್ಕಣೆ. ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ಕೊಂಡು, ಸೈಲೆನ್ಸರ್ ಕಾವಿಗೆ ಬೆಂಕಿ ಹತ್ತಿ ಸುಟ್ಟು ಹೋಗಿರೋ ಕಾರುಗಳಿವೆ. ಎತ್ತರದ ಕಾರಾದ್ರೂ ಅದರ ಮೇಲೆ ಓಡಿಸ್ಬೇಡಿ, ಇಳಿದು ಪಕ್ಕಕ್ಕೆ ಸರಿಸಿ ಅಂತೀನಿ ನಾನು. ಪಂಚ್‌ಗೆ ಸುಮಾರು 190 ಮಿಲಿಮೀಟರ್ ಕ್ಲಿಯರೆನ್ಸ್, ವ್ಯಾಗನ್-ಆರ್‌ಗೆ 165. ಐದು ಜನ ಕೂತು, ಡಿಕ್ಕಿಗೆ ಎರಡು ಮೂಟೆ ಅಕ್ಕಿ ಹಾಕಿದ್ರೆ ಎಲ್ಲಾ ಕಾರೂ ಇನ್ನೂ ಕೆಳಗೆ ಕೂರುತ್ತೆ.

ಡಿಕ್ಕಿ ಅಂದಾಗ ನೆನಪಾಯ್ತು. ಉಳಿತಾಯ ಅಂತ ಸಿಎನ್‌ಜಿ ಹಾಕಿಸ್ತೀರಿ, ಎಷ್ಟೋ ಕಾರಲ್ಲಿ ಸಿಲಿಂಡರ್ರೇ ಡಿಕ್ಕಿಯ ಬಹುಪಾಲು ತಿಂದು ಹಾಕುತ್ತೆ. ಆಮೇಲೆ ಬಿ.ಜಿ. ನಗರದ ಆಸ್ಪತ್ರೆಗೋ, ಮೈಸೂರಿಗೋ ಹೊರಟಾಗ ವಾಕರ್ ಎಲ್ಲಿಡ್ತೀರಿ? ಶೋರೂಮಿಗೆ ಹೋಗೋವಾಗ ಆ ವಾಕರ್ರೂ ತಗೊಂಡೋಗಿ, ಇಟ್ಟು ನೋಡಿ. ನಗೋರು ನಗ್ಲಿ.

ಇನ್ನು ಸ್ಟೇರಿಂಗ್ ಹಿಡಿಯೋರು ಯಾರು? ನಮ್ಮ ಕಡೆ ಎಪ್ಪತ್ತಾದ್ರೂ ಬೇರೆಯವರಿಗೆ ಕೀ ಕೊಡದ ಯಜಮಾನರಿದ್ದಾರೆ. ಕಾನೂನು ಬೇಡ ಅನ್ನಲ್ಲ. 2019ರ ತಿದ್ದುಪಡಿ ಪ್ರಕಾರ 55 ದಾಟಿದ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕೊಂದ್ಸಲ ನವೀಕರಣ, ಜೊತೆಗೆ ಡಾಕ್ಟರ ಸರ್ಟಿಫಿಕೇಟು. ಆದ್ರೆ ಎಡಮಂಡಿಗೆ ಕ್ಲಚ್ಚೇ ಶತ್ರು. ಹಂಗಾಗಿ ಆಟೋಮ್ಯಾಟಿಕ್ ತಗೊಳ್ಳಿ. 2014ರಲ್ಲಿ ಸೆಲೆರಿಯೊ ಜೊತೆ ಎಎಂಟಿ ಅನ್ನೋ ಆಟೋಮ್ಯಾಟಿಕ್ ಬಂದ್ಮೇಲೆ ಸಣ್ಣ ಕಾರಲ್ಲೂ ಕೈಗೆಟುಕೋ ಬೆಲೆಗೆ ಸಿಗ್ತಿದೆ. ಅದರೊಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತೋ, ಗೇರ್ ಬದಲಿಸೋ ಕೆಲಸ ಮಾತ್ರ ಯಂತ್ರದ್ದು. ಅದಕ್ಕೇ ಏರಲ್ಲಿ ಬ್ರೇಕ್ ಬಿಟ್ರೆ ಒಂದು ಗೇಣು ಹಿಂದಕ್ಕೆ ಜಾರಬಹುದು. ಹಂಗೆ ಜಾರದಂಗೆ ತಡೆಯೋ ಹಿಲ್ ಹೋಲ್ಡ್ ಇದೆಯಾ ಕೇಳಿ. ಟೆಸ್ಟ್ ಡ್ರೈವ್ ಅಂದ್ರೆ ಶೋರೂಮ್ ಮುಂದಿನ ಸರ್ವಿಸ್ ರಸ್ತೇಲಿ ಒಂದು ಸುತ್ತಲ್ಲ. ಕರಿಘಟ್ಟದ ರಸ್ತೆಗೋ, ಮೇಲುಕೋಟೆ ಏರಿಗೋ ಹೊಡೀರಿ, ಅರ್ಧದಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ.

ಒಂದು ಎಚ್ಚರಿಕೆ. ಮೂವತ್ತು ವರ್ಷ ಕ್ಲಚ್ ತುಳಿದ ಎಡಗಾಲು ಸುಮ್ಮನಿರಲ್ಲ, ಗಾಬರಿಯಾದ್ರೆ ಬ್ರೇಕನ್ನೇ ಕ್ಲಚ್ ಅಂದ್ಕೊಂಡು ತುಳಿಯುತ್ತೆ. ಊರಾಚೆ ಬಯಲಲ್ಲಿ ಒಂದು ವಾರ, ಎಡಗಾಲನ್ನ ಸೀಟಿನ ಬುಡಕ್ಕೆ ಎಳ್ಕೊಂಡು ಕೂರಿಸಿ ಅಭ್ಯಾಸ ಮಾಡಿಸಿ.

ರಿವರ್ಸ್ ಕ್ಯಾಮೆರಾ ಶೋಕಿ ಅಂತೀರಾ? ಪಾಂಡವಪುರದ ನಾಲೆ ಏರಿ ಮೇಲೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು, ಹಿಂದಕ್ಕೆ ತಗೋಬೇಕು, ಕತ್ತು ತಿರುಗಲ್ಲ, ಪಕ್ಕದಲ್ಲಿ ತಡೆಗೋಡೆ ಇಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಹತ್ರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ (ವಿ.ಸಿ. ನಾಲೆ) ಬಿದ್ದು 30 ಜನ ಹೋದ್ರು. ಆ ನೀರಿನ ಪಕ್ಕ ಕಾರು ತಿರುಗಿಸೋರಿಗೆ ಕ್ಯಾಮೆರಾ ಶೋಕಿಯಲ್ಲ. ಕಬ್ಬು ಅರೆಯೋ ಕಾಲದಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರುಗಳಿರ್ತವೆ, ಕಣ್ಣಲ್ಲಿ ಪೊರೆ ಬಂದಿದ್ರೆ ಕತ್ತಲಾದ್ಮೇಲೆ ಕೀ ಇಸ್ಕೊಳ್ಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಗೆ ಅವರೊಬ್ಬರನ್ನೇ ನಾನಂತೂ ಕಳಿಸಲ್ಲ. 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಇಲ್ಲ ನಿಜ. ಆದ್ರೆ ಉಳಿದವರು ನೂರರಲ್ಲಿ ಬರ್ತಿರ್ತಾರೆ, ಸರ್ವಿಸ್ ರಸ್ತೆಯಿಂದ ಮೇಲೆ ಸೇರೋವಾಗ ಯೋಚನೆ ಮಾಡೋಕೆ ಟೈಮ್ ಕೊಡಲ್ಲ.

ಕೊನೆಗೆ ದೊಡ್ಡಪ್ಪನ್ನೇ ಶೋರೂಮಿಗೆ ಕರ್ಕೊಂಡು ಹೋದೆ, ಪಂಚೇಲೇ. ಮಾರೋ ಹುಡುಗ ಟಚ್‌ಸ್ಕ್ರೀನ್ ತೋರಿಸ್ತಾನೇ ಇದ್ದ. ಇವರು ತಲೆ ಮೇಲೆ ಕೈಯಾಡಿಸ್ತಾ ಇದ್ರು.

"ಹಿಡ್ಕೊಳಕ್ಕೆ ಹಿಡಿ ಎಲ್ಲಪ್ಪಾ?"

ಆ ಮಾಡೆಲ್‌ಗೆ ಡ್ರೈವರ್ ಪಕ್ಕದ ಸೀಟಿಗೆ ಮಾತ್ರ ಹಿಡಿ ಇತ್ತು, ಹಿಂದೆ ಇರ್ಲಿಲ್ಲ. ಮುಂದೆ ಕೂತ್ರು, ಎದ್ರು, ಮತ್ತೆ ಕೂತ್ರು. ನಾಲ್ಕನೇ ಸಲ ನನ್ನ ಹೆಗಲು ಹಿಡೀಲಿಲ್ಲ. ಬುಕ್ ಮಾಡ್ಸೋಣ್ವಾ ದೊಡ್ಡಪ್ಪ ಅಂದೆ.

"ತಡಿಯೋ, ನಾಳೆ ನಿಮ್ ದೊಡ್ಡಮ್ಮನ್ನ ಕರ್ಕೊಂಡ್ ಬರಾನ. ಅವಳು ಸೀರೆ ಉಟ್ಕೊಂಡು ಹಿಂದ್ಗಡೆ ಹತ್ತಲಿ. ಆಮ್ಯಾಕೆ ದುಡ್ಡಿನ ಮಾತು."